ಹೆಜ್ಜೆಗೂ ನೆನಪಿಗೂ ಇರುವ ನಂಟು

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಕದ ಕಾಯಿಲೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಅದರಲ್ಲಿರುವುದು ಆರೇ ರೋಗಿಗಳ ವಿವರ. ಅವರಲ್ಲಿ ಕೆಲವರನ್ನು ಪಾರ್ಕಿನ್ಸನ್ ನೋಡಿದ್ದು ಬೀದಿಯಲ್ಲಿ. ಒಬ್ಬರನ್ನಂತೂ ದೂರದಿಂದ ಕಂಡದ್ದಷ್ಟೇ. ಮುಂದಕ್ಕೆ ಬಾಗಿದ ಮೈ, ನಡೆಯುತ್ತಲೇ ಓಟಕ್ಕೆ ತಿರುಗುವ ಸಣ್ಣ ಹೆಜ್ಜೆಗಳು ಅವರಿಗೆ ರೋಗದ ಗುರುತುಗಳಾದವು. ಆದರೆ ಈ ಕಾಯಿಲೆ ಬುದ್ಧಿಯನ್ನು ಮುಟ್ಟುವುದಿಲ್ಲ ಎಂದೂ ಅವರು ಬರೆದರು. ಮುಂದೆ ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನೇ ಇಟ್ಟ ಪ್ಯಾರಿಸ್ಸಿನ ಶಾರ್ಕೋ ಈ ಮಾತನ್ನು ಮಾತ್ರ ಒಪ್ಪಲಿಲ್ಲ. ಕಾಲ ಕಳೆದಂತೆ ಬುದ್ಧಿಯೂ ಮಂಕಾಗುತ್ತದೆ ಎಂದರು.

ಆದರೂ ಕಾಲು ಬೇರೆ, ಬುದ್ಧಿ ಬೇರೆ ಎಂಬ ಎಣಿಕೆ ಬಹುಕಾಲ ಉಳಿಯಿತು. ಅದಕ್ಕೆ ಪ್ರಯೋಗಶಾಲೆಯ ಬೆಂಬಲವೂ ಸಿಕ್ಕಿತು. ಮೆದುಳಿನ ಸಂಪರ್ಕ ಕಡಿದರೂ ಬೆಕ್ಕಿನ ಬೆನ್ನುಹುರಿ ಹೆಜ್ಜೆಯ ಲಯವನ್ನು ಹುಟ್ಟಿಸಬಲ್ಲದು ಎಂದು 1911ರಲ್ಲಿ ಗ್ರಹಾಂ ಬ್ರೌನ್ ತೋರಿಸಿದರು. ಆದರೆ ಸಂತೆಯ ಗದ್ದಲದಲ್ಲಿ, ಕಲ್ಲು ಎದ್ದ ದಾರಿಯಲ್ಲಿ, ಯಾರದೋ ಮಾತಿಗೆ ಉತ್ತರಿಸುತ್ತ ಸಾಗಲು ಲಯವೊಂದೇ ಸಾಲದು. ಗಮನ ಬೇಕು, ಅಂದಾಜು ಬೇಕು. ಅವು ಮೆದುಳಿನ ಕೆಲಸ.

ಇದನ್ನು ಬಹಳ ಸರಳವಾಗಿ ಕಾಣಿಸಿದ್ದು 1997ರ ಒಂದು ಸ್ವೀಡಿಷ್ ಅಧ್ಯಯನ. ಆಸರೆಯ ವಸತಿಗಳಲ್ಲಿದ್ದ 58 ವೃದ್ಧರನ್ನು ನಡೆಸುತ್ತ ಸಂಶೋಧಕರು ಮಾತಿಗೆಳೆದರು. 12 ಮಂದಿ ಮಾತು ಶುರುವಾದೊಡನೆ ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದಿದ್ದರು. ನಡಿಗೆ ಮತ್ತು ಮಾತು ಎರಡನ್ನೂ ಒಟ್ಟಿಗೆ ತೂಗಿಸಲು ಅವರಿಂದ ಆಗುತ್ತಿರಲಿಲ್ಲ.

2002ರಲ್ಲಿ ನ್ಯೂಯಾರ್ಕಿನ ಜೋ ವರ್ಗೀಸ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನಡಿಗೆಯ ಏರುಪೇರು ಕೆಲವು ಬಗೆಯ ಮರೆಗುಳಿತನಕ್ಕೆ ವರ್ಷಗಳ ಮೊದಲೇ ಮುನ್ಸೂಚನೆಯಾಗಬಲ್ಲದು ಎಂದು ಅವರು ಕಂಡರು. 2013ರಲ್ಲಿ ವರ್ಗೀಸ್ ಅವರ ತಂಡ ನಿಧಾನ ನಡಿಗೆ ಮತ್ತು ಮರೆವಿನ ದೂರು ಎರಡೂ ಜೊತೆಗಿರುವ ಸ್ಥಿತಿಗೆ ಒಂದು ಹೆಸರನ್ನೇ ಕೊಟ್ಟಿತು. ಮರುವರ್ಷ 17 ದೇಶಗಳ ಮಾಹಿತಿ ಒಟ್ಟುಗೂಡಿಸಿದಾಗ 60 ದಾಟಿದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ ಈ ಸ್ಥಿತಿ ಕಂಡುಬಂತು.

ಈ ಚರಿತ್ರೆ ನಮಗೆ ಮುಖ್ಯವಾಗಲು ಒಂದು ಕಾರಣವಿದೆ. ನೆನಪನ್ನು ಅಳೆಯುವ ಹೆಚ್ಚಿನ ಪರೀಕ್ಷೆಗಳು ಶಾಲೆ ಕಂಡವರಿಗಾಗಿ ಹುಟ್ಟಿದವು: ಇಂದಿನ ತಾರೀಖು ಹೇಳಿ, ನೂರರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ. ಅಕ್ಷರ ಕಲಿಯಲು ಅವಕಾಶವೇ ಸಿಗದ ಅಜ್ಜಿ ಇಲ್ಲಿ ಸೋತರೆ, ಅದು ಮರೆವೋ ಬಡತನವೋ ಹೇಳುವುದು ಹೇಗೆ? ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ಅಂಥ ಕಡೆ ಈ ಪ್ರಶ್ನೆ ಎದುರಾಗದೆ ಇರದು. ನಡಿಗೆ ಅಕ್ಷರ ಕೇಳುವುದಿಲ್ಲ. ನಾಲ್ಕಾರು ಮೀಟರ್ ನೆಲ, ಒಂದು ಗಡಿಯಾರ ಇದ್ದರೆ ಸಾಕು.

ಹಾಗೆಂದು ಕಾಲೆಳೆದು ನಡೆಯುವವರೆಲ್ಲ ಮರೆವಿನ ದಾರಿಯಲ್ಲಿಲ್ಲ. ಗದ್ದೆಯಲ್ಲಿ ಬಗ್ಗಿ ಸವೆದ ಮಂಡಿ, ಕಣ್ಣಿನ ಪೊರೆ, ಬಿದ್ದೇನೆಂಬ ಭಯ ಕೂಡ ಹೆಜ್ಜೆಯನ್ನು ನಿಧಾನಿಸುತ್ತವೆ. ಶಸ್ತ್ರಚಿಕಿತ್ಸೆ, ಔಷಧಿ, ವ್ಯಾಯಾಮದಿಂದ ಇವುಗಳಲ್ಲಿ ಹಲವನ್ನು ಸರಿಪಡಿಸಬಹುದು. ಆದ್ದರಿಂದ ನಿಧಾನ ನಡಿಗೆಯನ್ನು ತೀರ್ಪು ಎಂದುಕೊಳ್ಳದೆ ಪ್ರಶ್ನೆಯಾಗಿ ನೋಡಬೇಕು. ‘ವಯಸ್ಸಾಯ್ತಲ್ಲ, ಬಿಡು’ ಎಂಬ ನಮ್ಮ ಮನೆಮಾತು ಆ ಪ್ರಶ್ನೆ ಏಳುವ ಮುನ್ನವೇ ಅದರ ಬಾಯಿ ಮುಚ್ಚಿಸುತ್ತದೆ.