ಲೆಕ್ಕಕ್ಕೆ ಬಂದ ತಾಯಂದಿರು

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆ ಮರುಹುಟ್ಟು ದೊರೆಯದೆ ಹೋದವರನ್ನು ಎಣಿಸಿದವರು ಯಾರೆಂದು ಹುಡುಕುತ್ತ ನಾನು ಸ್ವೀಡನ್ನಿನ ಚರಿತ್ರೆಗೆ ಬಂದೆ. ಅಲ್ಲಿ 1749ರಿಂದ ಪಾದ್ರಿಗಳು ತಮ್ಮ ತಮ್ಮ ಊರಿನ ಜನನ-ಮರಣಗಳನ್ನು, ಮರಣದ ಕಾರಣಸಹಿತವಾಗಿ, ಕೋಷ್ಟಕಗಳಲ್ಲಿ ಬರೆದು ಸರ್ಕಾರಕ್ಕೆ ಕಳುಹಿಸತೊಡಗಿದರು. 1751ರಲ್ಲಿ ಆರೋಗ್ಯ ಆಯೋಗವು, ಹೆರಿಗೆಯಲ್ಲಿ ತೀರಿಕೊಂಡ 651 ತಾಯಂದಿರ ಪೈಕಿ ಕನಿಷ್ಠ 400 ಮಂದಿ, ಸೂಲಗಿತ್ತಿಯರಿದ್ದಿದ್ದರೆ, ಉಳಿಯುತ್ತಿದ್ದರೆಂದು ಸಾರಿತು. ಅಲ್ಲಿಯವರೆಗೆ ಹಣೆಬರಹವೆನಿಸಿದ್ದುದು ಅಂದು ತಪ್ಪಿಸಬಹುದಾದ ಸಾವಾಯಿತು. ಕಾಲಕ್ರಮದಲ್ಲಿ ಕಲಿತ ಸೂಲಗಿತ್ತಿಯರು ಹಳ್ಳಿಗಳಿಗೆ ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಂಜು ತಡೆಯುವ ಕ್ರಮವೂ ಕೂಡಿಕೊಂಡಿತು. ಲಕ್ಷ ಹೆರಿಗೆಗೆ ಸುಮಾರು 900ರಷ್ಟಿದ್ದ ಸಾವು 1900ರ ಹೊತ್ತಿಗೆ 230ರ ಆಸುಪಾಸಿಗೆ ಇಳಿಯಿತು. ಎಣಿಕೆಯೊಂದೇ ಯಾರನ್ನೂ ಬದುಕಿಸಲಾರದು, ನಿಜ. ಆದರೆ ಎಣಿಸದ ಸಾವಿಗೆ ಉತ್ತರ ಹೇಳಬೇಕಾದವರೇ ಇರುವುದಿಲ್ಲ.