ಲೆಕ್ಕದ ಪುಸ್ತಕವಿಲ್ಲದ ಹಂಚಿಕೆ

ಹೇಮಾವತಿ ನೀರು ಬಾಗೂರು-ನವಿಲೆ ಸುರಂಗ ದಾಟಿ ತುರುವೇಕೆರೆ ಸೀಮೆಗೆ ಬರುತ್ತದೆ. ನಾಲೆ ಕವಲೊಡೆದ ಕಡೆ ಯಾವ ನೀರು ಯಾವ ಕವಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ತೆಂಗಿನ ಬುಡಕ್ಕೆ ಹಿಂದಿನ ನೀರೂ ಒಂದೇ, ಮುಂದಿನ ನೀರೂ ಒಂದೇ. ತಿಪಟೂರು ಎಪಿಎಂಸಿಯ ಕೊಬ್ಬರಿ ಇ-ಟೆಂಡರಿಗೆ ವರ್ತಕರು ಕಳಿಸುವ ದರ ಹಾಗಲ್ಲ. ಅದು ಪ್ಯಾಕೆಟ್‌ಗಳಾಗಿ ಹೊರಡುತ್ತದೆ, ಆ ಪ್ಯಾಕೆಟ್‌ಗಳಿಗೆ ಸರದಿ ಉಂಟು. ಹಿಂದಿನವು ಕೆಲವು ಮುಂದೆ ಬಂದರೆ, ಸರದಿ ನೋಡಿಕೊಳ್ಳುವ ಟಿಸಿಪಿ ನಿಯಮಾವಳಿ ನಡುವಿನದು ಕಳೆದುಹೋಯಿತೆಂದು ಭಾವಿಸಿ ಮತ್ತೆ ಕಳಿಸುತ್ತದೆ, ವೇಗವನ್ನೂ ತಗ್ಗಿಸುತ್ತದೆ. ಆದ್ದರಿಂದ ಇದ್ದ ಲಿಂಕ್‌ಗಳಿಗೆಲ್ಲ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಹಂಚುವ ಸಮಪಾಲಿನ ಕ್ರಮ ಇಲ್ಲಿ ಕೆಟ್ಟದ್ದೇ ಆಯಿತು.

ಪ್ಯಾಕೆಟ್‌ಗಳಿಗೆ ದಾರಿ ಹುಡುಕುವ ರೂಟರ್‌ಗಳ ಓಎಸ್‌ಪಿಎಫ್ ನಿಯಮಾವಳಿ, ಅದರ 1998ರ ಆವೃತ್ತಿಯೂ ಸೇರಿ, ಸಮಾನ ವೆಚ್ಚದ ಹಲವು ದಾರಿಗಳಿಗೆ ಅವಕಾಶ ಕೊಟ್ಟಿತು. ಹಂಚುವುದು ಹೇಗೆಂದು ಕಟ್ಟುಮಾಡಲಿಲ್ಲ. ಆ ಜಾಗಕ್ಕೆ ಬಂದದ್ದು ಹ್ಯಾಶ್. ಕಳಿಸುವವರ ವಿಳಾಸ, ಪಡೆಯುವವರ ವಿಳಾಸ, ಎರಡೂ ಕಡೆಯ ಪೋರ್ಟ್, ಪ್ರೋಟೋಕಾಲ್, ಈ ಐದನ್ನು ಕಲಸಿ ಒಂದು ಸಂಖ್ಯೆ ಮಾಡಿ, ಲಿಂಕ್‌ಗಳ ಎಣಿಕೆಯಿಂದ ಭಾಗಿಸಿ, ಶೇಷ ತೋರಿಸಿದ ಲಿಂಕ್‌ಗೆ ಕಳಿಸುವುದು. ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ದಾರಿ ಹಿಡಿಯುತ್ತವೆ. ಯಾವುದನ್ನು ಎಲ್ಲಿಗೆ ಕಳಿಸಿದೆನೆಂದು ರೂಟರ್ ಬರೆದಿಡಬೇಕಿಲ್ಲ. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಸೊಗಸು ಸಮಪಾಲಿನಲ್ಲಿಲ್ಲ, ಏನನ್ನೂ ನೆನಪಿಡದೆ ಸರದಿ ಕಾಯುವುದರಲ್ಲಿದೆ.

ಆದರೆ ಲಿಂಕ್ ಒಂದು ಕಡಿದರೆ? ಸಂಪರ್ಕಗಳಿಗೆ 0ರಿಂದ 11ರವರೆಗೆ ಸಂಖ್ಯೆ ಬಂದಿದೆ, ಲಿಂಕ್ ನಾಲ್ಕು ಇವೆ ಎನ್ನಿ. ಕೊನೆಯ ಲಿಂಕ್ ಹೋದರೆ 3, 7, 11 ಮಾತ್ರ ಜಾಗ ಬದಲಿಸಬೇಕು. ನಾಲ್ಕರ ಬದಲು ಮೂರರಿಂದ ಭಾಗಿಸಿ ನೋಡಿ: 0, 1, 2 ಮಾತ್ರ ತಮ್ಮ ಜಾಗದಲ್ಲಿ ಉಳಿಯುತ್ತವೆ, ಒಂಬತ್ತು ಸಂಪರ್ಕಗಳು ಕದಲುತ್ತವೆ. 2000ದ ನವೆಂಬರಿನಲ್ಲಿ ಕ್ರಿಶ್ಚಿಯನ್ ಹಾಪ್ಸ್ ಬರೆದ ಆರ್‌ಎಫ್‌ಸಿ 2992 ಎಂಬ ಇಂಟರ್ನೆಟ್ ದಾಖಲೆ ಈ ಕದಲಿಕೆಯನ್ನೇ ಅಳೆಯಿತು. ಶೇಷದ ಬದಲು ಸಂಖ್ಯೆಗಳ ಹರವನ್ನೇ ಲಿಂಕ್‌ಗಳಿಗೆ ತುಂಡುಮಾಡಿ ಕೊಟ್ಟರೆ ಕಾಲುಭಾಗದಿಂದ ಅರ್ಧದೊಳಗೆ ಕದಲಿಕೆ ನಿಲ್ಲುತ್ತದೆಂದು ತೋರಿಸಿತು. ಡೇವ್ ಥೇಲರ್ ಮತ್ತು ಚಿನ್ಯ ರವಿಶಂಕರ್ ಅದಕ್ಕೂ ಮೊದಲು ರೂಪಿಸಿದ್ದ ವಿಧಾನದಲ್ಲಿ ಸಂಪರ್ಕಕ್ಕೆ ಪ್ರತಿ ಲಿಂಕ್ ಜೊತೆ ಒಂದೊಂದು ಅಂಕ, ಹೆಚ್ಚು ಅಂಕದ ಲಿಂಕ್‌ಗೇ ಅದು ಸೇರುತ್ತದೆ. ಕಡಿದ ಲಿಂಕಿನವು ಮಾತ್ರ ಏಳುತ್ತವೆ. ಲೆಕ್ಕದ ಕೆಲಸ ಮಾತ್ರ ಹೆಚ್ಚು. ಅದೇ 2000ದಲ್ಲಿ ಕಾವ್, ವಾಂಗ್, ಝೆಗುರಾ ಅವರು 16 ಬಿಟ್‌ನ ಸಿಆರ್‌ಸಿ ಎಂಬ ಹ್ಯಾಶ್ ಈ ಹಂಚಿಕೆಗೆ ಚೆನ್ನಾಗಿ ಒಗ್ಗುತ್ತದೆಂದು ಕಂಡರು.

ಹ್ಯಾಶ್ ತೂಕ ನೋಡುವುದಿಲ್ಲ, ದೋಷ ಅಲ್ಲೇ ಇರುವುದು. ಲಾಟಿನ ನಂಬರ್ ನೋಡಿ ಕೊಬ್ಬರಿಯನ್ನು ಲಾರಿಗೆ ಹಾಕಿದಂತೆ: ಎರಡು ಚೀಲದ ಲಾಟಿಗೂ ಇನ್ನೂರು ಚೀಲದ ಲಾಟಿಗೂ ಒಂದೇ ನಿಯಮ. ಸಾಲದ್ದಕ್ಕೆ, ಮೊದಲ ಹಂತದ ರೂಟರ್ ಬಳಸಿದ ಹ್ಯಾಶನ್ನೇ ಎರಡನೆಯ ಹಂತದ್ದೂ ಬಳಸಿದರೆ ಅದರ ಕೈಗೆ ಬಂದದ್ದೆಲ್ಲ ಒಂದೇ ಶೇಷದ ಗುಂಪು, ಉಳಿದ ಲಿಂಕ್‌ಗಳು ಖಾಲಿ. ಪ್ರತಿ ರೂಟರಿಗೂ ಹ್ಯಾಶಿನಲ್ಲಿ ಬೆರೆಸಲು ಬೇರೆ ಬೀಜಸಂಖ್ಯೆ ಕೊಟ್ಟು ಇದನ್ನು ಸರಿಪಡಿಸಿದರು.

ತೂಕದ ತೊಂದರೆ ಡೇಟಾ ಸೆಂಟರ್‌ಗಳಲ್ಲಿ ಬೆಳೆಯಿತು. 2007ರಲ್ಲಿ ಶ್ರೀಕಾಂತ್ ಕಂದುಲ ಮತ್ತು ಸಂಗಡಿಗರು, ಸಂಪರ್ಕ ಒಂದಿಷ್ಟು ಹೊತ್ತು ಸುಮ್ಮನಾದಾಗ ದಾರಿ ಬದಲಿಸಿದರೆ ಸರದಿ ಕೆಡುವುದಿಲ್ಲ ಎಂದರು. 2010ರ ಹೆಡೆರಾ ಎಂಬ ವ್ಯವಸ್ಥೆ ದೊಡ್ಡ ಸಂಪರ್ಕಗಳನ್ನು ಗುರುತಿಸಿ ಬೇರೆ ದಾರಿಗೆ ತಿರುಗಿಸಿತು. 2014ರ ಕಾಂಗಾ ಎಂಬ ವ್ಯವಸ್ಥೆ ಸ್ವಿಚ್‌ಗಳಿಗೇ ದಟ್ಟಣೆ ಅರಿಯುವುದನ್ನು ಕಲಿಸಿತು.

ಈಗ ಎಐ ತರಬೇತಿಯಲ್ಲಿ ಸಂಪರ್ಕಗಳು ಕೆಲವೇ, ಒಂದೊಂದೂ ಭಾರಿ. ಹಾಗಾಗಿ 2023ರಲ್ಲಿ ಹುಟ್ಟಿದ ಅಲ್ಟ್ರಾ ಈಥರ್ನೆಟ್ ಒಕ್ಕೂಟ ಪ್ಯಾಕೆಟ್‌ಗಳನ್ನು ಎಲ್ಲ ದಾರಿಗೂ ಎರಚುವ, ಅಂದು ಬೇಡವೆಂದು ಬಿಟ್ಟ ಕ್ರಮಕ್ಕೇ ಮರಳಿದೆ. ಸರದಿ ಕೂಡಿಸುವ ಹೊಣೆ ತುದಿಯ ನೆಟ್‌ವರ್ಕ್ ಕಾರ್ಡಿನದ್ದು. ತಿಪಟೂರಿನ ಕೊಬ್ಬರಿ ದರ ಹೊತ್ತ ಸಂಪರ್ಕಗಳು ಸಣ್ಣವು. ಅವಕ್ಕೆ ಹಳೆಯ ಹ್ಯಾಶೇ ಸಾಕು.