ಕಳಲೆಯ ದಳವಾಯಿಗಳೂ ತೀರದ ಬಾಕಿಯೂ

ನಂಜನಗೂಡು ತಾಲ್ಲೂಕಿನ ಕಳಲೆಯು ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟ ಊರು. ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ (1734-1766) ಈ ಮನೆತನದ ದೇವರಾಜಯ್ಯ ಮತ್ತು ನಂಜರಾಜಯ್ಯ ಸೋದರರೇ ರಾಜ್ಯದ ನಿಜವಾದ ಆಡಳಿತಗಾರರಾಗಿದ್ದರು. ಸಿಂಹಾಸನದ ರಕ್ಷಣೆಯ ಹೊಣೆಯೂ ಅವರದೇ. ಆ ಹೊಣೆಯು ಅವರ ಕೈತಪ್ಪಿದುದು ತೀರಿಸಲಾಗದ ಬಾಕಿಯಿಂದ.

ಆರ್ಕಾಟಿನ ಮಹಮ್ಮದ್ ಅಲಿಯು ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಕೊಟ್ಟ ಮಾತನ್ನು ನಂಬಿ ನಂಜರಾಜಯ್ಯನು ದಂಡೆತ್ತಿ ಹೋದನು. ಮಾತು ನಡೆಯಲಿಲ್ಲ. ಬೊಕ್ಕಸವನ್ನು ಕರಗಿಸಿಕೊಂಡು 1755ರಲ್ಲಿ ಬರಿಗೈಯಲ್ಲಿ ಮರಳಿದನು. ಅದೇ ವರ್ಷ ಹೈದರಾಬಾದಿನ ಸಲಾಬತ್ ಜಂಗನು ಕಪ್ಪದ ಬಾಕಿಗಾಗಿ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿದ್ದನು. ದೇವರಾಜಯ್ಯನು 56 ಲಕ್ಷ ರೂಪಾಯಿಗಳಿಗೆ ಒಪ್ಪಬೇಕಾಯಿತು. ಅರಮನೆಯ ಆಭರಣಗಳೊಡನೆ ದೇವಾಲಯಗಳ ಬೆಳ್ಳಿಬಂಗಾರವನ್ನೂ ಒಪ್ಪಿಸಿದರೂ ಮೊತ್ತ ತುಂಬದೆ, ಉಳಿದುದಕ್ಕೆ ಸಾಹುಕಾರರ ಪತ್ರಗಳನ್ನು ಕೊಡಲಾಯಿತು. ಭಕ್ತರು ದೇವರಿಗೆ ಅರ್ಪಿಸಿದ್ದು ದಳವಾಯಿಯ ಸಾಲಕ್ಕೆ ಹೋಯಿತೆಂಬುದನ್ನು ಬಸದಿಗಳ ಧರ್ಮದರ್ಶಿಗಳು ವಿಶೇಷವಾಗಿ ಗಮನಿಸಬೇಕು. 1757ರಲ್ಲಿ ಮರಾಠರು ಬಂದಾಗ ಕೆಲವು ಸೀಮೆಗಳನ್ನೇ ಒತ್ತೆಯಿಡಬೇಕಾಯಿತು.

ಮರುವರ್ಷ ಸಂಬಳವಿಲ್ಲದ ಸೈನಿಕರು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಮನೆಗೆ ಅನ್ನನೀರು ಹೋಗದಂತೆ ತಡೆದರು. ಲೆಕ್ಕಗಳನ್ನು ಪರಿಶೀಲಿಸಿ ಸೈನ್ಯವನ್ನು ಸಮಾಧಾನಪಡಿಸಿದವನು ಹೈದರ್ ಅಲಿ. ಬಾಕಿಯನ್ನು ತೀರಿಸಬಲ್ಲವನ ಮಾತನ್ನೇ ದಂಡು ಕೇಳುವುದು ಸಹಜವಷ್ಟೆ. 1759ರಲ್ಲಿ ಮತ್ತೆ ಬಾಕಿಯ ಗಲಭೆಯೆದ್ದಾಗ ನಂಜರಾಜಯ್ಯನು ಜಹಗೀರು ಪಡೆದು ಅಧಿಕಾರದಿಂದ ನಿವೃತ್ತನಾದನು.

ರಕ್ಷಣೆಯ ಗುಟ್ಟುಗಳನ್ನು ಒಪ್ಪಿಸುವ ಮುನ್ನ ಇಂದಿನ ಸರ್ಕಾರಗಳು ಅಭ್ಯರ್ಥಿಯ ಸಾಲವನ್ನು ವಿಚಾರಿಸುವುದು ಇಂತಹ ಅನುಭವದಿಂದಲೇ ಇರಬೇಕು. ಅಮೆರಿಕದಲ್ಲಿ ಸಾಲದ ಮೊತ್ತವೊಂದನ್ನೇ ನೋಡುವುದಿಲ್ಲ. ರೋಗ ಅಥವಾ ಉದ್ಯೋಗನಷ್ಟದಿಂದ ಬಂದ ಸಾಲಕ್ಕೆ ರಿಯಾಯಿತಿಯುಂಟು. ತೀರಿಸುವ ಪ್ರಾಮಾಣಿಕ ಪ್ರಯತ್ನಕ್ಕೆ ಬೆಲೆಯುಂಟು. ಮುಚ್ಚಿಟ್ಟರೆ ಅದು ಬೇರೆಯೇ ದೋಷ. ನಮ್ಮ ಕೇಂದ್ರ ಸರ್ಕಾರದ 1964ರ ನಡತೆ ನಿಯಮಗಳೂ ನೌಕರನು ಸದಾ ಸಾಲಗಾರನಾಗಿರದಂತೆ ತನ್ನ ವ್ಯವಹಾರವನ್ನು ನಡೆಸಬೇಕೆನ್ನುತ್ತವೆ. ಸಾಲದ ವಸೂಲಿಗಾಗಿ ದಾವೆ ಹೂಡಲ್ಪಟ್ಟರೆ ಅದನ್ನು ಮೇಲಧಿಕಾರಿಗೆ ತಿಳಿಸಬೇಕು. ನ್ಯಾಸಾಪಹಾರವನ್ನು, ಅಂದರೆ ನಂಬಿ ಇಟ್ಟುದನ್ನು ಕಬಳಿಸುವುದನ್ನು, ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಸಾಲಕ್ಕೆ ಸಿಲುಕಿದ ಕಾವಲುಗಾರನಿಗೆ ಆ ಪ್ರಲೋಭನೆ ದೂರವೇನಲ್ಲ.

ಕಳಲೆಯವರ ಪತನಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಇದೇ ಸಂಸ್ಥಾನದಲ್ಲಿ ಈ ಪ್ರಶ್ನೆ ಎದ್ದಿತ್ತು. ಶ್ರವಣಬೆಳಗೊಳದ ಸ್ಥಾನಿಕರು ಕಷ್ಟಕಾಲದಲ್ಲಿ ದೇವರ ಭೂಮಿಯನ್ನು ವರ್ತಕರಿಗೆ ಅಡವಿಟ್ಟಿದ್ದರು. 1634ರಲ್ಲಿ ಚಾಮರಾಜ ಒಡೆಯರು ಆ ವರ್ತಕರನ್ನು ಕರೆಸಿ, ಸಾಲವನ್ನು ತಾವೇ ಕೊಡುವುದಾಗಿ ಹೇಳಿದರು. ವರ್ತಕರು ಹಣ ಬೇಡವೆಂದರು. ತಂದೆತಾಯಿಗಳಿಗೆ ಪುಣ್ಯವಾಗಲೆಂದು ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ ಅಡವನ್ನು ಬಿಟ್ಟುಕೊಟ್ಟರು. ಆಗ ಬರೆಯಿಸಿದ ಶಾಸನದ ಕಟ್ಟಳೆಯಂತೆ, ಮುಂದೆ ದೇವಸ್ವವನ್ನು ಅಡವಿಟ್ಟವರಿಗೂ ಅಡವು ಹಿಡಿದವರಿಗೂ ಸ್ಥಾನಮಾನ್ಯಗಳಲ್ಲಿ ಹಕ್ಕಿಲ್ಲ.